ಸೊಟ್ಟ ತೂತಿನ ನೆಟ್ಟಗಿನ ಇತಿಹಾಸ

ಭಾಗ 1/5 🔩
ಗೆಳೆಯರೇ, ಎಂಜಿನ್ ಬಿಚ್ಚಿದಾಗ ಮೆಕ್ಯಾನಿಕ್ ಬಾಯಲ್ಲಿ "ಥ್ರೆಡ್ ಹೋಗಿದೆ" ಅನ್ನೋದನ್ನ ಕೇಳಿರ್ತೀರ. ಕೆಲವು ಸಲ ಅದಕ್ಕಿಂತ ಕೆಟ್ಟದ್ದು ಒಳಗೆ ಕಾದಿರುತ್ತೆ. ಹಿಂದೆ ಯಾರೋ ಮುರಿದ ಸ್ಟಡ್ ತೆಗೆಯೋಕೆ ಕೈಯಲ್ಲೇ ಡ್ರಿಲ್ ಹಿಡಿದಿರ್ತಾರೆ. ಸ್ಟಡ್ ಗಟ್ಟಿ ಉಕ್ಕು, ಸುತ್ತ ಮೆತ್ತನೆ ಅಲ್ಯೂಮಿನಿಯಂ. ಡ್ರಿಲ್ ಬಿಟ್ ಗಟ್ಟಿ ಕಡೆಯಿಂದ ಜಾರಿ ಮೆತ್ತನೆ ಕಡೆಗೆ ಹೋಗುತ್ತೆ. ತೂತು ಸೊಟ್ಟ! ಇದನ್ನ ಸರಿಮಾಡೋ ದಾರಿ ಹುಟ್ಟಿದ ಕಥೆ ಕೇಳಿ.

ಭಾಗ 2/5
ಇನ್ನೂರು ವರ್ಷಗಳ ಹಿಂದೆ ಒಂದು ವರ್ಕ್‌ಶಾಪಿನ ಬೋಲ್ಟು ಇನ್ನೊಂದರ ನಟ್ಟಿಗೆ ಕೂರುತ್ತೆ ಅನ್ನೋ ಗ್ಯಾರಂಟಿ ಇರಲಿಲ್ಲ. 1800ರ ಸುಮಾರಿಗೆ ಲಂಡನ್‌ನ ಹೆನ್ರಿ ಮಾಡ್‌ಸ್ಲೇ, ಒಂದೇ ಅಳತೆಯ ಥ್ರೆಡ್ಡನ್ನ ಮತ್ತೆ ಮತ್ತೆ ಕತ್ತರಿಸುವ ಲೇಥ್ ಕಟ್ಟಿದರು. ಅವರ ಹತ್ತಿರ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್, ಬೇರೆ ಬೇರೆ ವರ್ಕ್‌ಶಾಪುಗಳ ಬೋಲ್ಟುಗಳನ್ನ ಒಟ್ಟುಮಾಡಿ, ಸರಾಸರಿ ನೋಡಿ, 1841ರಲ್ಲಿ ಎಲ್ಲರಿಗೂ ಒಂದೇ ಪದ್ಧತಿ ಸೂಚಿಸಿದರು. ಥ್ರೆಡ್ಡಿನ ಕೋನ 55 ಡಿಗ್ರಿ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿ ಅಂದರು. ಎರಡನೇ ಮಹಾಯುದ್ಧದಲ್ಲಿ ಈ ವ್ಯತ್ಯಾಸ ರಿಪೇರಿಗೆ ತಲೆನೋವಾಯ್ತು. ಕೊನೆಗೆ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಸೇರಿ 60 ಡಿಗ್ರಿಯ ಒಂದೇ ಪದ್ಧತಿಗೆ ಒಪ್ಪಿದವು.

ಭಾಗ 3/5
ಇದಕ್ಕೂ ರಿಪೇರಿಗೂ ಏನು ಸಂಬಂಧ ಅಂತೀರಾ? ಅಳತೆ ಒಂದೇ ಆದಮೇಲೆ, ಕೆಟ್ಟ ತೂತನ್ನ ಮತ್ತೆ ಅದೇ ಅಳತೆಗೆ ತರಬಹುದು. 8 ಎಂಎಂ ಬೋಲ್ಟಿನ ಥ್ರೆಡ್ ಹೋಗಿದೆ ಅಂದ್ಕೊಳ್ಳಿ. ಸುಲಭದ ದಾರಿ: ತೂತು ದೊಡ್ಡದು ಮಾಡಿ 10 ಎಂಎಂ ಬೋಲ್ಟು ಹಾಕೋದು. ಸರಿಯಾದ ದಾರಿ: ಸುಮಾರು 8.3 ಎಂಎಂಗೆ ಕೊರೆದು, ಅದಕ್ಕೇ ಇರೋ ಟ್ಯಾಪ್ ಹೊಡೆದು, ಸ್ಟೇನ್‌ಲೆಸ್ ತಂತಿಯ ಸುರುಳಿ ಕೂರಿಸೋದು. ಗ್ಯಾರೇಜಲ್ಲಿ ಇದನ್ನೇ ಹೆಲಿಕಾಯಿಲ್ ಅಂತಾರೆ. ಹಳೇ 8 ಎಂಎಂ ಬೋಲ್ಟೇ ಮತ್ತೆ ಕೂರುತ್ತೆ. ಬರೀ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಬಾಳಿಕೆನೂ ಜಾಸ್ತಿ.

ಭಾಗ 4/5
ಆದರೆ ಹುಷಾರ್! ತೂತು ಸೊಟ್ಟ ಇದ್ರೆ ಸುರುಳಿನೂ ಸೊಟ್ಟವಾಗೇ ಕೂರುತ್ತೆ. ಬೋಲ್ಟಿನ ತಲೆ ಒಂದೇ ಕಡೆ ಒತ್ತುತ್ತೆ, ಗ್ಯಾಸ್ಕೆಟ್ ಲೀಕ್ ಆಗಬಹುದು. ಆಗ ಮೊದಲು ಅಲ್ಯೂಮಿನಿಯಂ ಪ್ಲಗ್ ಅಥವಾ ವೆಲ್ಡಿಂಗ್‌ನಿಂದ ತೂತು ಪೂರ್ತಿ ಮುಚ್ಚಬೇಕು. ಆಮೇಲೆ ಮಿಲ್ಲಿಂಗ್ ಮಷಿನ್ ಮೇಲೆ ಬಿಗಿಯಾಗಿ ಕೂರಿಸಿ, ಪಕ್ಕದ ತೂತುಗಳಿಂದ ಅಳತೆ ಹಿಡಿದು, ನೆಟ್ಟಗೆ ಕೊರೀಬೇಕು. ಕೈ ಡ್ರಿಲ್ ಮಾಡಿದ ಅನಾಹುತಕ್ಕೆ ಕೈ ಡ್ರಿಲ್ಲೇ ಮದ್ದಲ್ಲ.

ಭಾಗ 5/5
ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಬಂದ ಬೈಕುಗಳು ಇವತ್ತೂ ಓಡ್ತಿವೆ. ಅವುಗಳ ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಂ, ಆ ಕಾರ್ಖಾನೆಯಿಂದ ಇನ್ನೊಂದು ಬರಲ್ಲ. ಹಾಗಾಗಿ ಇರೋದನ್ನೇ ಸರಿಮಾಡಬೇಕು.

ಬಿಕಾಂ ಭಾಷೆಯಲ್ಲಿ ಹೇಳ್ತೀನಿ: ದೊಡ್ಡ ಬೋಲ್ಟು ತುರುಕೋದು ಸಾಲ ತೀರಿಸಿದ ಹಾಗಲ್ಲ, ಮುಂದಿನ ಮೆಕ್ಯಾನಿಕ್ ಲೆಕ್ಕಕ್ಕೆ ದಾಟಿಸಿದ ಹಾಗೆ. ಸುತ್ತಲಿನ ಲೋಹ ತೆಳುವಾಗಿರುತ್ತೆ, ಮುಂದಿನವರಿಗೆ ಕೊರೆಯೋಕೆ ಜಾಗ ಉಳಿಯಲ್ಲ. ಎಂಜಿನ್ ಕೆಲಸಕ್ಕೆ ಕೊಟ್ಟಾಗ ಒಂದೇ ಪ್ರಶ್ನೆ ಕೇಳಿ: "ಅಣ್ಣಾ, ಹಳೇ ಅಳತೆ ಬೋಲ್ಟೇ ಕೂರುತ್ತಾ?"

ನಿಮ್ಮ ಮನೆ ಹಳೇ ಬೈಕ್ ಯಾವುದು? ಕಾಮೆಂಟಲ್ಲಿ ಹೇಳಿ. 👇
#ನಟ್ಟುಬೋಲ್ಟುಇತಿಹಾಸ #ಮೈಸೂರುಜಾವಾ #ಕನ್ನಡದಲ್ಲಿಕಲಿ