ಬಾರದ ರೈಲಿಗೊಂದು ಹಿತ್ತಾಳೆ ಇಂಜಿನ್ನು

ಕಾರವಾರ, ಅಂಕೋಲೆಗಳಲ್ಲಿ ಉಗಿಬಂಡಿ ಓಡಿದ್ದೇ ಇಲ್ಲ. ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ಕ್ಕೆ. ಅಷ್ಟರಲ್ಲಿ ಕಲ್ಲಿದ್ದಲ ಇಂಜಿನ್ನುಗಳ ಕಾಲ ಹೆಚ್ಚುಕಮ್ಮಿ ಮುಗಿದಿತ್ತು. ನಮ್ಮ ಹಳಿಗೆ ಬಂದದ್ದು ಡೀಸೆಲ್. 2022ರಲ್ಲಿ ಕರೆಂಟೂ ಬಂತು. ನಮ್ಮ ಅಜ್ಜಿಯಂದಿರಿಗೆ ಉಗಿ ಅಂದರೆ ಸಮುದ್ರದ ಮೇಲೆ ಹೊಗೆಬಿಟ್ಟು ಮುಂಬೈ ಕಡೆ ಹೋಗುವ ಆಗಬೋಟು, ಅಷ್ಟೇ. ಅಂಥ ಊರಿನಿಂದ ಬಂದ ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು, ಶನಿವಾರ-ಭಾನುವಾರ ಮೀಟರ್ ಗೇಜಿನ ಉಗಿ ಇಂಜಿನ್ನೊಂದನ್ನು ಹಿತ್ತಾಳೆಯಲ್ಲಿ ಕಟ್ಟುತ್ತಿದ್ದೇನೆ. "ಇಲ್ಲದ ರೈಲಿಗೆ ಎಂಥಕ್ಕೆ ಇಂಜಿನ್ನು ಮಾರಾಯಾ?" ಅಂತ ಊರಿನ ಗೆಳೆಯ ಕೇಳಿದ. ಉತ್ತರ ಹೇಳಬೇಕೆಂದರೆ ನೂರೈವತ್ತು ವರ್ಷಕ್ಕೂ ಹಿಂದೆ ಹೋಗಬೇಕು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯ ಬರ ಬಂತು. ಅವರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಹಡಗಿಗೆ ಹಾಕಲು ಕಾರವಾರದ ಬಂದರು ಚೊಲೋ ಅನ್ನಿಸಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್‌ನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಬಂದರಿನ ಲೆಕ್ಕವೂ ಇತ್ತು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕುವ ಮಾತು 1869ರಿಂದ 1874ರವರೆಗೆ ನಡೆದು, ಕೊನೆಗೆ ಬಿದ್ದುಹೋಯಿತು. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ, 1888ರ ಹೊತ್ತಿಗೆ ಮೀಟರ್ ಗೇಜ್ ಹಳಿ ಕ್ಯಾಸಲ್‌ರಾಕ್ ದಾಟಿ ಮುರ್ಮುಗೋವೆ ಬಂದರಿಗಿಳಿಯಿತು. ಕ್ಯಾಸಲ್‌ರಾಕ್ ಇರುವುದು ನಮ್ಮದೇ ಜಿಲ್ಲೆಯ ಜೋಯಿಡಾ ತಾಲೂಕಿನಲ್ಲಿ. ಅಂದರೆ ಉಗಿಬಂಡಿ ನಮ್ಮ ಜಿಲ್ಲೆಗೆ ಬಂದದ್ದು ಖರೆ, ಆದರೆ ಮೂಲೆ ಸವರಿಕೊಂಡು ಗೋವೆಗೆ ಹೋಯಿತು. ಕಾರವಾರದ ವ್ಯಾಪಾರ ಇಳಿಯಿತು.

ಆಗ ಆ ಹಳಿ ನಮ್ಮಲ್ಲಿಗೆ ಬಂದಿದ್ದರೆ ಎಂಥ ಇಂಜಿನ್ನು ಓಡುತ್ತಿತ್ತೋ, ಅಂಥದೊಂದು ನನ್ನ ಮೇಜಿನ ಮೇಲಿದೆ. ಅಳತೆ 1:87. ಒಂದು ಮೀಟರಿನ ಹಳಿ ಈ ಲೆಕ್ಕದಲ್ಲಿ ಹನ್ನೊಂದೂವರೆ ಮಿಲಿಮೀಟರ್ ಆಗುತ್ತದೆ; ಮಾಡೆಲ್ ಮಾಡುವವರು 12 ಮಿಲಿಮೀಟರಿನ ಹಳಿ ಬಳಸುತ್ತಾರೆ. ಕಿಟ್ಟಿನ ಪೊಟ್ಟಣ ಬಿಚ್ಚಿದರೆ ಇಂಜಿನ್ನು ಕಾಣೋದಿಲ್ಲ, ಅರ್ಧ ಮಿಲಿಮೀಟರೂ ದಪ್ಪವಿಲ್ಲದ ಹಿತ್ತಾಳೆ ಹಾಳೆಗಳು ಕಾಣುತ್ತವೆ. ಬೆಳಕಿಗೆ ಗಟ್ಟಿಯಾಗುವ ಲೇಪ ಬಳಿದು, ಮೇಲೆ ಚಿತ್ರದ ಫಿಲ್ಮ್ ಇಟ್ಟು ಬೆಳಕು ಬಿಡುತ್ತಾರೆ. ಲೇಪ ಉಳಿಯದ ಜಾಗವನ್ನು ಫೆರಿಕ್ ಕ್ಲೋರೈಡ್ ತಿಂದುಹಾಕುತ್ತದೆ. ಬಿ.ಇ. ಲ್ಯಾಬಿನಲ್ಲಿ ಸರ್ಕ್ಯೂಟ್ ಬೋರ್ಡು ಮಾಡಿದವರಿಗೆ ಈ ಕಂದು ದ್ರಾವಣ, ತೊಳೆದರೂ ಹೋಗದ ಅದರ ಕಲೆ ಎರಡೂ ಗೊತ್ತು. ಎರಡೂ ಕಡೆಯಿಂದ ತಿಂದರೆ ತುಂಡು ಬೇರೆಯಾಗುತ್ತದೆ. ಒಂದೇ ಕಡೆಯಿಂದ ಅರ್ಧ ತಿಂದರೆ ಮಡಚುವ ಗೆರೆ ಸಿಗುತ್ತದೆ. ಗೆರೆಯನ್ನು ಒಳಮೈಗಿಟ್ಟು ಮಡಚಬೇಕು. ರಿವೆಟ್ಟಿನ ಗುರುತುಗಳು ಹಿಂಬದಿಯಲ್ಲಿರುತ್ತವೆ. ಮೊಂಡು ಸೂಜಿಯಿಂದ ಒಂದೊಂದೇ ಒತ್ತಬೇಕು.

ಬೆಸುಗೆಯಲ್ಲಿ ಕ್ರಮವೇ ಮುಖ್ಯ. ಮೊದಲ ಜೋಡಣೆಗಳಿಗೆ 188 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಬೆಸುಗೆ, ಆಮೇಲಿನವಕ್ಕೆ 145 ಡಿಗ್ರಿಯದು. ಹಾಗೆ ಮಾಡಿದರೆ ಚಿಮಣಿ ಕೂಡಿಸುವಾಗ ಮೊದಲು ಕೂಡಿಸಿದ ಕ್ಯಾಬು ಬಿಚ್ಚಿಕೊಳ್ಳೋದಿಲ್ಲ. ಸಾಫ್ಟ್‌ವೇರಿನವರಿಗೆ ಹೇಳುವುದಾದರೆ, ಹೊಸ ಕೋಡು ಹಳೇ ಕೋಡನ್ನು ಕೆಡಿಸಬಾರದು, ಅಷ್ಟೇ.

ಇನ್ನು ಗೆಳೆಯನ ಪ್ರಶ್ನೆ. ಹುಬ್ಬಳ್ಳಿಯ ರೈಲು ಅಂಕೋಲೆಯ ಹೆಸರಿನಲ್ಲಿ ಮತ್ತೆ ಎದ್ದದ್ದು 1990ರ ದಶಕದಲ್ಲಿ. ಆಗ ಮುಂದಿಟ್ಟ ದೊಡ್ಡ ಕಾರಣ ಬಳ್ಳಾರಿ-ಹೊಸಪೇಟೆಯ ಅದಿರು. ಅಡಿಗಲ್ಲು ಬಿತ್ತು, ಹುಬ್ಬಳ್ಳಿ ಕಡೆಯಿಂದ ಒಂದಿಷ್ಟು ಕೆಲಸವೂ ಆಯಿತು. ಆಮೇಲೆ ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆ ಎದ್ದು, ವಿಷಯ ಕೋರ್ಟಿಗೆ ಹೋಯಿತು. ರೈಲಿಲ್ಲದ ಅದಿರು ಲಾರಿ ಹತ್ತಿತು. ನಾವು ಕಾಲೇಜಿಗೆ ಹೋಗುವ ಕಾಲಕ್ಕೆ ಅರಬೈಲ್ ಘಟ್ಟದಿಂದ ಬೇಲೆಕೇರಿ ಬಂದರಿನವರೆಗೂ ಲಾರಿಗಳ ಸಾಲು. ರಸ್ತೆ ಬದಿಯ ಎಲೆಗಳೆಲ್ಲ ಕೆಂಪು.

ಗಮನಿಸಿ ನೋಡಿ. ಮೊದಲ ಸಲ ಲೆಕ್ಕದ ತಲೆಯ ಮೇಲೆ ಹತ್ತಿ ಇತ್ತು, ಎರಡನೇ ಸಲ ಅದಿರು. ಎರಡು ಸಲವೂ ಇಲ್ಲಿನ ಜನ ಬಾಲದಲ್ಲಿ. ದೊಡ್ಡ ಕಾಯಿಲೆ ಬಂದರೆ ಇವತ್ತಿಗೂ ನಾವು ಹುಬ್ಬಳ್ಳಿಗೋ ಮಂಗಳೂರಿಗೋ ಗೋವೆಗೋ ಓಡಬೇಕು. ಕಾಡು ಕಡಿದೇ ಬಿಡಿ ಅಂತ ನಾನು ಹೇಳೋದಿಲ್ಲ. ಆ ಕಾಡಿನ ನೀರನ್ನೇ ಕುಡಿದು ಬೆಳೆದವರು ನಾವು. ನನ್ನ ಇಂಜಿನ್ನಿನ ಹಿಂದೆ ಕಟ್ಟಲಿರುವುದು ಗೂಡ್ಸ್ ಡಬ್ಬಿಯಲ್ಲ, ಒಂದೇ ಒಂದು ಪ್ಯಾಸೆಂಜರ್ ಬೋಗಿ. ಮೂರನೇ ಸಲ ಲೆಕ್ಕ ಹಾಕುವವರು ಆ ಬೋಗಿಯಲ್ಲಿ ಕೂರುವವರನ್ನು ಮೊದಲ ಸಾಲಿನಲ್ಲಿ ಬರೆಯಲಿ. ಬರೆದ ಮೇಲೂ ಕಾಡೇ ದೊಡ್ಡದು ಅಂತ ಉತ್ತರ ಬಂದರೆ ನನ್ನ ತಕರಾರಿಲ್ಲ.