ಪ್ರಬಂಧದ ಅಳತೆ

ಬರಹವೊಂದು ಪ್ರಬಂಧವೆನಿಸಿಕೊಳ್ಳಲು ಎಷ್ಟು ದೀರ್ಘವಾಗಿರಬೇಕು? ನಾಲ್ಕು ಪುಟಕ್ಕೆ ಕಡಮೆಯಾದುದನ್ನು ಟಿಪ್ಪಣಿಯೆಂದು ಬದಿಗಿರಿಸುವ ರೂಢಿ ಕಾಲೇಜುಗಳಲ್ಲಿ ಉಂಟು. ಇದರಿಂದ ವಿದ್ಯಾರ್ಥಿಯು ಹೇಳಬೇಕಾದುದು ಮುಗಿದ ಮೇಲೂ ಪುಟ ತುಂಬಿಸುವುದನ್ನು ಕಲಿಯುತ್ತಾನೆ. ಈ ರೂಢಿಗೆ ಚರಿತ್ರೆಯ ಆಧಾರವಿದೆಯೇ ಎಂಬುದನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ನಿದರ್ಶನಗಳ ಮೂಲಕ ಪರಿಶೀಲಿಸೋಣ.

'ಪ್ರಬಂಧ'ವೆಂದರೆ ಚೆನ್ನಾಗಿ ಕಟ್ಟಿದುದು. ಇರುಳಿಡೀ ಆಡುವ ಯಕ್ಷಗಾನದ ಪದ್ಯಕೃತಿಗೂ ಇಲ್ಲಿ ಆ ಹೆಸರು ಸಂದಿದೆ. ಹೆಸರು ಬಂಧವನ್ನು ಸೂಚಿಸುತ್ತದೆಯೇ ಹೊರತು ಉದ್ದವನ್ನಲ್ಲ. ಇಂದಿನ ಗದ್ಯಪ್ರಬಂಧಕ್ಕೆ ಮೂಲವಾದ ಪಾಶ್ಚಾತ್ಯ ಪ್ರಕಾರವೂ ಹಾಗೆಯೇ. 1580ರಲ್ಲಿ ಮೊಂತೇನನು ತನ್ನ ಬರಹಗಳಿಗೆ 'ಪ್ರಯತ್ನಗಳು' ಎಂಬರ್ಥದ ಹೆಸರಿಟ್ಟನು. 1597ರಲ್ಲಿ ಬೇಕನ್ನನು ಪ್ರಕಟಿಸಿದ ಹತ್ತು ಪ್ರಬಂಧಗಳು ಬಹಳ ಚಿಕ್ಕವು. ಅಧ್ಯಯನವನ್ನು ಕುರಿತದ್ದು 1625ರ ಆವೃತ್ತಿಯಲ್ಲಿ ಬೆಳೆಯಿತು. ಎರಡು ರೂಪಗಳೂ ಪ್ರಬಂಧವೇ.

ಹಾಗಾದರೆ ಚಿಕ್ಕದೆಲ್ಲವೂ ಪ್ರಬಂಧವೇ? ಅಲ್ಲ. ಬಾರಕೂರಿನ ದಾನಶಾಸನಗಳನ್ನು ನೋಡಬಹುದು. ಕಾಲ, ಅರಸು, ದತ್ತಿ, ಶಾಪಾಶಯ ಎಲ್ಲವೂ ಕ್ರಮದಲ್ಲಿ ಬರುತ್ತವೆ, ಬಂಧ ಬಿಗಿಯಾಗಿದೆ. ಆದರೆ ಅಲ್ಲಿರುವುದು ಆಗಲೇ ಇತ್ಯರ್ಥವಾದ ನಿರ್ಣಯ; ವಿಚಾರದ ನಡೆ ಅಲ್ಲಿಲ್ಲ.

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ (1902–1997) ಬರವಣಿಗೆ ಈ ಭೇದವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. 1936ರ 'ಬಾಲಪ್ರಪಂಚ'ದ ಮೂರು ಸಂಪುಟಗಳೂ 'ಹಳ್ಳಿಯ ಹತ್ತು ಸಮಸ್ತರು' ಕೃತಿಯೂ ಒಂದೇ ಕೈಯವು. ಮೊದಲನೆಯದು ತಿಳಿವಳಿಕೆಯನ್ನು ಒಪ್ಪಿಸುತ್ತದೆ. ಎರಡನೆಯದರಲ್ಲಿ ನೋಡುವ ಮನಸ್ಸೊಂದು ಕೆಲಸಮಾಡುತ್ತದೆ. ಪ್ರಬಂಧಕ್ಕೆ ಹತ್ತಿರವಾದುದು ಎರಡನೆಯದು. ಮೊಗೇರಿಯ ಗೋಪಾಲಕೃಷ್ಣ ಅಡಿಗರು (1918–1992) 'ಸಾಕ್ಷಿ'ಯ ಸಂಪಾದಕರಾಗಿ, ಕುಂದಾಪುರದ ವೈದೇಹಿಯವರು 'ಮಲ್ಲಿನಾಥನ ಧ್ಯಾನ'ದ ಲೇಖಕಿಯಾಗಿ ಗದ್ಯ ಬರೆದರು. ಒಬ್ಬರದು ವಾದದ ದಾರಿ, ಇನ್ನೊಬ್ಬರದು ಆತ್ಮೀಯ ಮಾತಿನ ದಾರಿ. ಎರಡನ್ನೂ ಪ್ರಬಂಧವೆಂದು ಒಪ್ಪುವಾಗ ನಾವು ಪುಟ ಎಣಿಸುವುದಿಲ್ಲ.

ಆದುದರಿಂದ ಪ್ರಬಂಧದ ಕನಿಷ್ಠ ಪ್ರಮಾಣವನ್ನು ಹೀಗೆ ನಿರ್ಧರಿಸಬಹುದು: ಒಂದು ಸಂದೇಹವು ಹುಟ್ಟಿ, ನಡೆದು, ಒಂದು ನೆಲೆಗೆ ಮುಟ್ಟುವಷ್ಟು ಎಡೆ ಅದಕ್ಕೆ ಬೇಕು. ಗಾದೆಗೆ ಆ ಎಡೆಯಿಲ್ಲ. ಅದು ನೆಲೆಯನ್ನು ಮಾತ್ರ ತೋರಿಸುತ್ತದೆ. ಒಂದು ಕಂಡಿಕೆಗೆ ಆ ಎಡೆ ಇರಬಲ್ಲುದು. ಅಧ್ಯಾಪಕರು ವಿದ್ಯಾರ್ಥಿಯ ಹಾಳೆಗಳನ್ನು ಎಣಿಸುವ ಮೊದಲು, ಅವನು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿದನೆಂದು ನೋಡುವುದು ನ್ಯಾಯ.