ಹೊತ್ತು ಎಂಬ ಜಂಗಮ

ಮಾನೇಸರಿನಲ್ಲಿ ಹೊತ್ತನ್ನು ತಿಳಿಸುವುದು ಪಾಳಿಯ ಬಸ್ಸುಗಳು. ಒಂದು ಪಾಳಿ ಮುಗಿದು ಇನ್ನೊಂದು ಆರಂಭವಾಗುವಾಗ ಸಮವಸ್ತ್ರ ತೊಟ್ಟ ಹುಡುಗರ ಸಾಲುಗಳು ಕಾರ್ಖಾನೆಗಳ ಬಾಗಿಲಲ್ಲಿ ಎದುರುಬದುರಾಗುತ್ತವೆ. ನನ್ನ ಕಚೇರಿಯ ಕಿಟಕಿಯಿಂದ ಕಾಣುವ 48ನೆಯ ರಾಷ್ಟ್ರೀಯ ಹೆದ್ದಾರಿಯನ್ನೇ ಹಿಡಿದು ಹೋದರೆ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರುಗಳನ್ನು ದಾಟಿ ಬೆಂಗಳೂರು ಸೇರಬಹುದು. ಊರು ಹೀಗೆ ಒಂದೇ ರಸ್ತೆಯ ಆ ತುದಿಯಲ್ಲಿದ್ದರೂ ಊರಿನ ಹೊತ್ತು ಮಾತ್ರ ಇಲ್ಲಿಗೆ ತಲುಪುವುದಿಲ್ಲ.

ನಾನು ಬೆಳೆದ ಊರು ಮಂಗಳೂರಿನ ಸಮೀಪದ್ದು. ನಮ್ಮ ಮನೆಯ ಗಡಿಯಾರಕ್ಕಿಂತ ಗದ್ದೆಯಾಚೆಯ ಇಗರ್ಜಿಯ ಗಂಟೆಯ ಮೇಲೆ ಅಮ್ಮನಿಗೆ ಹೆಚ್ಚು ನಂಬಿಕೆಯಿತ್ತು. ಬೆಳಗ್ಗೆ, ನಡುಹಗಲು, ಮುಸ್ಸಂಜೆ ಎಂದು ಮೂರು ಹೊತ್ತು ಅದು ಮೂರು ಮೂರು ಪೆಟ್ಟಿನಂತೆ ಬಾರಿಸುತ್ತಿತ್ತು. ಸಂಜೆಯ ಗಂಟೆ ಕೇಳಿಸಿದೊಡನೆ ಅಮ್ಮ ತುಳಸಿಕಟ್ಟೆಗೆ ದೀಪ ಇಡುತ್ತಿದ್ದರು. ಪಕ್ಕದ ಮನೆಯ ಬಾಯಮ್ಮ ಮಕ್ಕಳನ್ನು ಒಳಗೆ ಕರೆದು ತೇರ್ಸ್ ಆರಂಭಿಸುತ್ತಿದ್ದರು. ಈಗಲೂ ಸಂಜೆ ಫೋನಿನಲ್ಲಿ ಅಮ್ಮನ ಮೊದಲ ಪ್ರಶ್ನೆ, "ದೀಪ ಹಚ್ಚಿದೆಯಾ?" ಎಂದು. ಕಚೇರಿಯ ಕಡತಗಳ ನಡುವೆ ಕುಳಿತೇ ನಾನು "ಹ್ಞೂಂ" ಎನ್ನುತ್ತೇನೆ. ಆ ಸುಳ್ಳಿನ ಮುಜುಗರದಿಂದಲೇ ಇರಬೇಕು, ನಮ್ಮ ಮನೆಯ ದೀಪಕ್ಕೆ ಸಮಯ ಹೇಳುತ್ತಿದ್ದ ಆ ಗಂಟೆ ಎಲ್ಲಿಂದ ಬಂತೆಂದು ಹುಡುಕತೊಡಗಿದೆ.

ಅದರ ಮೂಲ ಇರುವುದು ಜೆರುಸಲೇಮಿನ ದೇವಾಲಯದಲ್ಲಿ. ಅಲ್ಲಿ ದಿನವೂ ಬೆಳಗ್ಗೆ ಒಂದು, ಇಳಿಹೊತ್ತಿಗೆ ಒಂದು ಕುರಿಮರಿಯ ಬಲಿ ತಪ್ಪದೆ ನಡೆಯಬೇಕಿತ್ತು. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಆ ದೇವಾಲಯವನ್ನು ಸುಟ್ಟಿತು. ಬಲಿಪೀಠ ಹೋಯಿತು, ಬಲಿಯ ಹೊತ್ತು ಉಳಿಯಿತು. ಯೆಹೂದಿ ಗುರುಗಳು ಬೆಳಗಿನ ಪ್ರಾರ್ಥನೆ ಶಖರಿತನ್ನೂ ಇಳಿಹೊತ್ತಿನ ಮಿನ್ಹಾವನ್ನೂ ಆ ಎರಡು ಬಲಿಗಳಿಗೆ ಹೊಂದಿಸಿದರು. ರಾತ್ರಿಯ ಮಾರಿವ್ ಮೂರನೆಯದಾಯಿತು. ಈ ಕಲ್ಪನೆ ಸಂಪೂರ್ಣ ಹೊಸದೇನಲ್ಲ. ಬಾಬಿಲೋನಿನಲ್ಲಿ ಸೆರೆಯಲ್ಲಿದ್ದ ದಾನಿಯೇಲನು ಜೆರುಸಲೇಮಿನ ಕಡೆಗೆ ಕಿಟಕಿ ತೆರೆದು ದಿನಕ್ಕೆ ಮೂರು ಸಲ ಪ್ರಾರ್ಥಿಸುತ್ತಿದ್ದ ಕಥೆ ಬೈಬಲಿನಲ್ಲಿಯೇ ಇದೆ. ಕನ್ನಡದ ಶರಣರು ನಮಗೆ ಕಲಿಸಿಕೊಟ್ಟ ಪದಗಳಲ್ಲಿ ಹೇಳುವುದಾದರೆ, ದೇವಾಲಯ ಸ್ಥಾವರ, ಹೊತ್ತು ಜಂಗಮ.

ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ ಯೆಹೂದಿ ಧರ್ಮಶಾಸ್ತ್ರ ಮಿಶ್ನಾ ಆರಂಭವಾಗುವುದು ದೇವರು ಯಾರೆಂಬ ಪ್ರಶ್ನೆಯಿಂದಲ್ಲ. ಸಂಜೆಯ 'ಶೆಮಾ' ಪಠಣವನ್ನು ಎಷ್ಟು ಹೊತ್ತಿನಿಂದ ಮಾಡಬಹುದು ಎಂಬ ಪ್ರಶ್ನೆಯಿಂದ. ಬೆಳಗಿನ ಪಠಣಕ್ಕೆ ಅದು ಕೊಡುವ ಒಂದು ಗುರುತು, ನೀಲಿಗೂ ಬಿಳಿಗೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವ ಹೊತ್ತು. ಮರದ ತುದಿಯಲ್ಲಿಯೋ ಕಟ್ಟುತ್ತಿರುವ ಗೋಡೆಯ ಮೇಲೋ ಇರುವ ಕೆಲಸಗಾರರು ಕೆಳಗಿಳಿಯದೆ ಅಲ್ಲಿಂದಲೇ ಶೆಮಾ ಪಠಿಸಬಹುದೆಂದೂ ಅದು ವಿಧಿಸುತ್ತದೆ. ಮಾನೇಸರಿನಲ್ಲಿ ಏಳುತ್ತಲೇ ಇರುವ ಕಟ್ಟಡಗಳನ್ನು ನೋಡುವಾಗ ನನಗೆ ಈ ವಿಧಿ ನೆನಪಾಗುತ್ತದೆ.

ಈ ಹೊತ್ತುಗಳು ನಮ್ಮ ಕೈಗಡಿಯಾರದ ಗಂಟೆಗಳಲ್ಲ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು 12 ಸಮಭಾಗ ಮಾಡಿದರೆ ಅದರಲ್ಲೊಂದು ಭಾಗ ಒಂದು 'ಗಂಟೆ'. ಹಗಲು ಬೆಳೆದಂತೆ ಗಂಟೆಯೂ ಬೆಳೆಯುತ್ತದೆ. ದೆಹಲಿಯ ಸುತ್ತಮುತ್ತ ಡಿಸೆಂಬರಿನಲ್ಲಿ ಹಗಲು ಸುಮಾರು 10 ಗಂಟೆ 20 ನಿಮಿಷ, ಜೂನಿನಲ್ಲಿ ಸುಮಾರು 14 ಗಂಟೆ. ಆದ್ದರಿಂದ ಇಲ್ಲಿ ಆ 'ಗಂಟೆ' 52 ನಿಮಿಷದಿಂದ 70 ನಿಮಿಷದವರೆಗೆ ಹಿಗ್ಗಿ ಕುಗ್ಗುತ್ತದೆ. ಮಂಗಳೂರಿನಲ್ಲಿ ಸುಮಾರು 57ರಿಂದ 64 ನಿಮಿಷ ಅಷ್ಟೆ. ಮೊದಲ ಚಳಿಗಾಲದಲ್ಲಿ ಐದೂವರೆಗೇ ಕವಿದ ಕತ್ತಲೆಗೆ ಬೆದರಿದ ಕರಾವಳಿಯವನಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಂಗಳೂರಿನಲ್ಲಿ ಈ ಲೆಕ್ಕಕ್ಕೆ ಸೇರಿದ ಒಬ್ಬ ಯೆಹೂದಿ 12ನೆಯ ಶತಮಾನದಲ್ಲಿಯೇ ಬಾಳಿದ್ದ. ಉತ್ತರ ಆಫ್ರಿಕಾದ ಮಹದಿಯಾದಿಂದ ಏಡನ್ ಮಾರ್ಗವಾಗಿ ಬಂದ ವ್ಯಾಪಾರಿ ಅಬ್ರಹಾಂ ಬೆನ್ ಯಿಜು. 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಅವನು ಅಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ತುಳುನಾಡನ್ನು ಅಳುಪರು ಆಳುತ್ತಿದ್ದ ಆ ಕಾಲದಲ್ಲಿ ಅವನು ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ, ಮೆಣಸು ಕಬ್ಬಿಣಗಳನ್ನು ಹಡಗಿಗೇರಿಸಿದ, ಹೀಬ್ರೂ ಕವಿತೆಗಳನ್ನೂ ಬರೆದ. 1149ರಲ್ಲಿ ಏಡನ್ನಿಗೆ ಮರಳಿದ. ದೇವರ ಹೆಸರಿರುವ ಕಾಗದವನ್ನು ನಾಶಮಾಡಬಾರದೆಂಬ ನಿಯಮದಿಂದಾಗಿ ಕೈರೋದ ಬೆನ್ ಎಜ್ರಾ ಸಿನಗಾಗಿನ ಕೋಣೆಯಲ್ಲಿ ಅವನ ಪತ್ರಗಳು ಉಳಿದವು. ಎಸ್. ಡಿ. ಗಾಯ್ಟೈನ್ ಅವುಗಳನ್ನು ಓದಿ ಬೆಳಕಿಗೆ ತಂದರು. ಅವನ ಸೇವಕ ಬೊಮ್ಮನನ್ನು ಅರಸುತ್ತ ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು.

ಮಂಗಳೂರಿನಲ್ಲಿ ನಿಂತವನಿಗೆ ಜೆರುಸಲೇಮ್ ಇರುವುದು ವಾಯವ್ಯಕ್ಕೆ, ಸಮುದ್ರದಾಚೆ. ಸಾಮೂಹಿಕ ಪ್ರಾರ್ಥನೆಗೆ ಅವನ ಧರ್ಮ ಹತ್ತು ಜನರನ್ನು ಕೇಳುತ್ತದೆ. ಒಂಟಿಯಾಗಿ ಪ್ರಾರ್ಥಿಸುವವನಿಂದ ಹೊತ್ತನ್ನೂ ದಿಕ್ಕನ್ನೂ ಮಾತ್ರ ಕೇಳುತ್ತದೆ. ಮಹದಿಯಾದಲ್ಲಿ ಋತುವಿನೊಂದಿಗೆ ಬಹಳವಾಗಿ ಏರಿಳಿಯುತ್ತಿದ್ದ ಮಿನ್ಹಾದ ಹೊತ್ತು ಇಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತದೆ. ಪರದೇಶ ತನ್ನ ಪರದೇಶತನವನ್ನು ತೋರಿಸುವುದು ಊಟ ಭಾಷೆಗಳಲ್ಲಿ ಮಾತ್ರವಲ್ಲ, ಸೂರ್ಯನಲ್ಲಿಯೂ.

ಕ್ರೈಸ್ತರಿಗೆ ಈ ಹೊತ್ತುಗಳು ತಾಯಿಮನೆಯ ಬಳುವಳಿಯಾಗಿಯೇ ಬಂದವು. ಪೇತ್ರ ಯೋಹಾನರು ಒಂಬತ್ತನೆಯ ಗಂಟೆಯ, ಎಂದರೆ ಇಳಿಹೊತ್ತಿನ, ಪ್ರಾರ್ಥನೆಗಾಗಿ ದೇವಾಲಯಕ್ಕೆ ಹೋದದ್ದನ್ನು 'ಅಪೊಸ್ತಲರ ಕೃತ್ಯಗಳು' ಹೇಳುತ್ತದೆ. ಮೂರನೆಯ, ಆರನೆಯ, ಒಂಬತ್ತನೆಯ ಗಂಟೆಗಳು ಮುಂದೆ ಕ್ರೈಸ್ತ ಮಠಗಳ ದಿನಚರಿಯ ಕಂಬಗಳಾದವು. ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟ್ ಬರೆದ ಮಠದ ನಿಯಮ ಹಗಲಿಗೆ ಏಳು, ರಾತ್ರಿಗೆ ಒಂದು ಪ್ರಾರ್ಥನೆಯನ್ನು ಗೊತ್ತುಮಾಡಿ, ವಾರದೊಳಗೆ ಬೈಬಲಿನ 150 ಕೀರ್ತನೆಗಳೂ ಮುಗಿಯಬೇಕೆಂದಿತು. ದಿನಕ್ಕೆ ಎಂಟು ಜಾವಗಳೆಂದು ಎಣಿಸುತ್ತ ಬಂದ ನಮಗೆ ಈ ಸಂಖ್ಯೆ ಅಪರಿಚಿತವೆನಿಸದು. ಒಂಬತ್ತನೆಯ ಗಂಟೆಯ ಲ್ಯಾಟಿನ್ ಹೆಸರು 'ನೋನಾ'. ಮಧ್ಯಯುಗದಲ್ಲಿ ಆ ಪ್ರಾರ್ಥನೆ ಮೆಲ್ಲಮೆಲ್ಲನೆ ಮುಂಚೆಗೆ ಸರಿದು ನಡುಹಗಲಿಗೆ ಬಂತು. ಇಂಗ್ಲಿಷಿನ 'ನೂನ್' ಹುಟ್ಟಿದ್ದು ಹೀಗೆ. ಎಂ.ಎ. ತರಗತಿಯಲ್ಲಿ ಚಾಸರನನ್ನು ಓದುವಾಗ ಎದುರಾದ 'ಪ್ರೈಮ್' ಕೂಡ ಒಂದು ಪ್ರಾರ್ಥನೆಯ ಹೊತ್ತೆಂಬುದನ್ನು ನಾನು ಪರೀಕ್ಷೆಗಾಗಿ ಮಾತ್ರ ನೆನಪಿಟ್ಟುಕೊಂಡಿದ್ದೆ.

ಬೆನೆಡಿಕ್ಟನ ನಿಯಮದ 50ನೆಯ ಅಧ್ಯಾಯ ಬಹಳ ಚಿಕ್ಕದು. ದೂರದಲ್ಲಿ ಕೆಲಸಕ್ಕಿದ್ದು ಮಠದ ಪ್ರಾರ್ಥನಾಲಯಕ್ಕೆ ಬರಲಾಗದ ಸನ್ಯಾಸಿಗಳು ತಾವಿರುವ ಸ್ಥಳದಲ್ಲಿಯೇ ಮೊಣಕಾಲೂರಿ ಪ್ರಾರ್ಥಿಸಲಿ. ಪ್ರಯಾಣದಲ್ಲಿರುವವರೂ ಹೊತ್ತನ್ನು ಮೀರದಿರಲಿ ಎಂಬುದು ಅದರ ಸಾರ. ಊರು ಬಿಟ್ಟು ದುಡಿಯುವವರಿಗಾಗಿಯೇ ಬರೆದಂತಿದೆ. ಬೆನೆಡಿಕ್ಟನ ಪರಂಪರೆಯ ಮಠ ನಮ್ಮಲ್ಲಿಯೂ ಇದೆ: ಬೆಂಗಳೂರು–ಮೈಸೂರು ರಸ್ತೆಯ ಕುಂಬಳಗೋಡಿನ ಬಳಿಯ ಆಶೀರ್ವನಂ.

ಇನ್ನು ಬಾಯಮ್ಮನ ತೇರ್ಸ್. ಲ್ಯಾಟಿನ್ ಓದಲಾರದ ಸಾಮಾನ್ಯರು ಸನ್ಯಾಸಿಗಳ 150 ಕೀರ್ತನೆಗಳ ಬದಲು ಮಣಿ ಎಣಿಸುತ್ತ 150 ಸಲ ಮರಿಯಮ್ಮನ ಪ್ರಾರ್ಥನೆ ಹೇಳುವ ರೂಢಿ ಯುರೋಪಿನಲ್ಲಿ ಬೆಳೆಯಿತು. ಅದರ ಮೂರನೆಯ ಒಂದು ಭಾಗ, ಎಂದರೆ 50, ಪೋರ್ಚುಗೀಸರಲ್ಲಿ 'ತೆರ್ಸು' ಆಯಿತು. ಗೋವೆಯಿಂದ ಬಂದ ಕೊಂಕಣಿ ಕುಟುಂಬಗಳ ಬಾಯಲ್ಲಿ ತೇರ್ಸ್ ಆಯಿತು. ಮೂರು ಹೊತ್ತಿನ ಗಂಟೆಯೂ ಹೀಗೆ ಜನರಿಗಾಗಿ ಕಿರಿದುಗೊಂಡ ಮಠದ ದಿನಚರಿಯೇ. ಸಂಜೆಯದು ಹಳೆಯದು, ನಡುಹಗಲಿನ ಗಂಟೆಗೆ 1456ರಲ್ಲಿ ಒಟ್ಟೊಮಾನ್ ದಾಳಿಯ ಭೀತಿಯ ನಡುವೆ ಪೋಪ್ ಮೂರನೆಯ ಕ್ಯಾಲಿಕ್ಸ್ಟಸ್ ಆಜ್ಞೆ ಮಾಡಿದರು. ನಾವು ಊಟಕ್ಕೆ ಏಳುತ್ತಿದ್ದ ಗಂಟೆಯ ಹಿಂದೆ ಒಂದು ಯುದ್ಧವಿತ್ತು.

ಕಾರ್ಖಾನೆಯ ಹೊತ್ತೂ ನಮ್ಮ ಕರಾವಳಿಗೆ ಪ್ರಾರ್ಥನೆಯ ಜೊತೆಯಲ್ಲಿಯೇ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅವರ ಕಾರ್ಖಾನೆಗಳಲ್ಲಿ ಕೆಲಸದ ದಿನ ಪ್ರಾರ್ಥನೆಯೊಂದಿಗೆ ಆರಂಭವಾಗುತ್ತಿತ್ತು. ಮಾನೇಸರಿನ ಪಾಳಿ ಆ ಅರ್ಧವನ್ನು ಬಿಟ್ಟು ಉಳಿದರ್ಧವನ್ನು ಮಾತ್ರ ಇಟ್ಟುಕೊಂಡಿದೆ.

ಒಮ್ಮೆ ದೆಹಲಿಯ ಹುಮಾಯೂನ್ ರಸ್ತೆಯ ಜೂಡಾ ಹಯಾಮ್ ಸಿನಗಾಗಿನ ಮುಂದೆ ನಿಂತಿದ್ದೆ. 1956ರ ಪುಟ್ಟ ಕಟ್ಟಡ. ದೆಹಲಿಯಲ್ಲಿರುವ ಯೆಹೂದಿ ಕುಟುಂಬಗಳು ಬೆರಳೆಣಿಕೆಯವು. ಆದರೂ ಶುಕ್ರವಾರ ಸೂರ್ಯ ಇಳಿದಂತೆ ಅವರಿಗೆ ಸಬ್ಬತ್ ಆರಂಭವಾಗುತ್ತದೆ. ಜನ ಕಡಿಮೆಯಾದರೆಂದು ಹೊತ್ತು ಕಾಯುವುದಿಲ್ಲ.

ಈ ಹುಡುಕಾಟದಿಂದ ನಾನು ಧಾರ್ಮಿಕನಾದೆನೆಂದು ಹೇಳಿಕೊಳ್ಳಲಾರೆ. ಆದರೆ ಅಮ್ಮ ಕೇಳುತ್ತಿರುವುದು ದೀಪದ ಬಗ್ಗೆಯಷ್ಟೇ ಅಲ್ಲವೆಂದು ತಿಳಿದಿದೆ. ಡಿಸೆಂಬರಿನಲ್ಲಿ ಇಲ್ಲಿ ಕತ್ತಲಾದ ಮೇಲೂ ಅವರ ಅಂಗಳದಲ್ಲಿ ಅರ್ಧ ಗಂಟೆಗೂ ಮಿಕ್ಕಿ ಬಿಸಿಲಿರುತ್ತದೆ. ನಮ್ಮಿಬ್ಬರ ಸಂಜೆಗಳು ಒಂದೇ ಅಲ್ಲ. ಹೋದ ವಾರ ಅವರ ಪ್ರಶ್ನೆಗೆ, "ಇಲ್ಲಮ್ಮ, ಇನ್ನೂ ಆಫೀಸಿನಲ್ಲಿದ್ದೇನೆ" ಎಂದು ನಿಜ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅಮ್ಮ, "ಇರಲಿ, ಕೂತಲ್ಲೇ ಒಂದು ನಿಮಿಷ ಕಣ್ಣು ಮುಚ್ಚು" ಎಂದರು. ಬೆನೆಡಿಕ್ಟನ 50ನೆಯ ಅಧ್ಯಾಯವನ್ನು ಅವರು ಓದಿಲ್ಲ.